ಬೆಳಗಿನ ಮೋಡ ನಂಬಿ ಘಟ್ಟ ಹತ್ತಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಬೇಸಿಗೆಯಲ್ಲಿ ಕೆಲವು ದಿನ ಬೆಳಿಗ್ಗೆ ಮೋಡ ಕವಿದು ತಂಪಾಗಿರುತ್ತದೆ. ಹುಬ್ಬಳ್ಳಿಗೆ ಆಸ್ಪತ್ರೆಗೋ ಮದುವೆಗೋ ಹೊರಡುವವರು ಅದನ್ನು ನೋಡಿ ನೀರೂ ಇಟ್ಟುಕೊಳ್ಳದೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿದರೆ ಕಡಲ ಗಾಳಿ ಇಲ್ಲ, ಬರೀ ಒಣ ಬಿಸಿಲು. ನಮ್ಮಲ್ಲಿ ಬೆವರಿದರೆ ಅಂಗಿ ಬೆನ್ನಿಗೆ ಅಂಟುತ್ತದೆ, ಗೊತ್ತಾಗುತ್ತದೆ. ಅಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ. ಮೈಯಲ್ಲಿ ನೀರು ಕಡಿಮೆಯಾದದ್ದು ತಲೆನೋವು ಶುರುವಾದ ಮೇಲೆಯೇ ತಿಳಿಯುವುದು. ಬೈಕಿನಲ್ಲಿ ಹೋಗುವವರಿಗಂತೂ ಗಾಳಿ ಬಡಿದು ಇನ್ನೂ ಜಾಸ್ತಿ.

ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ಮುರುಗಲು (ಕೋಕಂ) ಪಾನಕ ಒಳ್ಳೆಯದು. ವಾಂತಿ, ಭೇದಿಯಾಗಿ ಸುಸ್ತಾದವರಿಗೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಲಿ.

ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೆಳಗಿನ ಮೊದಲ ಬಸ್ಸೇ ಹಿಡಿಯಿರಿ, ಮಧ್ಯಾಹ್ನದ ಓಡಾಟ ಬೇಡವೇ ಬೇಡ. ಯಾರಾದರೂ ಮೈ ಸುಡುತ್ತಾ ತಡವರಿಸಿ ಮಾತಾಡಿದರೆ ಸುಮ್ನೆ ಕೂರಿಸಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಲ್ಲಿ ಮಲಗಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.