ಹಳೇ ಕ್ಷೌರದ ಕತ್ತಿ ಸಿಕ್ಕರೆ ಮೊದಲು ಬಾಯಿ ನೋಡಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಹೋದರೆ, ಕೆಟ್ಟ ವಾಚು, ತುಕ್ಕು ಸ್ಪ್ಯಾನರುಗಳ ರಾಶಿಯಲ್ಲಿ ಒಮ್ಮೊಮ್ಮೆ ಮಡಚುವ ಕ್ಷೌರದ ಕತ್ತಿ ಸಿಗುತ್ತದೆ. ನನ್ನದಕ್ಕೆ ಮಾರುವವನು 300 ರೂಪಾಯಿ ಅಂದ, ನಾನು ಎದ್ದು ಹೊರಟೆ, ಕರೆದು 150ಕ್ಕೆ ಕೊಟ್ಟ. ಮನೆಯಲ್ಲಿ ನಮ್ಮವಳು "ಯಾರ ಗಡ್ಡ ಕೆರೆದಿದ್ದೋ ಏನೋ, ಒಳಗೆ ತರಬೇಡಿ" ಅಂದಳು. ಮಾತು ಸರಿಯೇ. ಹಾಗಾಗಿ ಮೊದಲ ಕೆಲಸ ಸೋಪು ನೀರಲ್ಲಿ ತೊಳೆದು, ಒರೆಸಿ, ಸ್ಪಿರಿಟ್ ಹಚ್ಚುವುದು. ಒಲೆಯ ಮೇಲೆ ಮಾತ್ರ ಕಾಯಿಸಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೊಳ್ಳುವಾಗ ತುಕ್ಕು ಕಂಡು ಹೆದರಬೇಕಿಲ್ಲ, ತುಕ್ಕು ಎಲ್ಲಿದೆ ಅಂತ ನೋಡಿ. ಬೆನ್ನ ಮೇಲೆ, ಅಂದರೆ ದಪ್ಪ ಅಂಚಿನ ಮೇಲಿದ್ದರೆ, ಪರವಾಗಿಲ್ಲ. ಬಾಯಿಯಲ್ಲೇ, ಅಂದರೆ ಕತ್ತರಿಸುವ ಅಂಚಿನಲ್ಲೇ, ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ, ಎಷ್ಟು ಮಸೆದರೂ ಒಂದು ಗುಳಿ ಹೋಗಿ ಇನ್ನೊಂದು ಬರುತ್ತದೆ. ಹತ್ತಿ ಎಳೆಯನ್ನು ಬಾಯಿಯುದ್ದಕ್ಕೂ ಸವರಿ, ಮುಕ್ಕಾಗಿರುವ ಕಡೆ ಸಿಕ್ಕಿಕೊಳ್ಳುತ್ತದೆ. ಬಿರುಕು ಕಣ್ಣಿಗೆ ಕಾಣಲ್ಲ. ಅದಕ್ಕೆ ನಾವು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮಾಡುತ್ತಿದ್ದ ಉಪಾಯವಿದೆ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗಿದ್ದ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಗೆರೆ ಮೂಡುತ್ತದೆ. ಅಂಥ ಕತ್ತಿ ಮುಖಕ್ಕೆ ಬೇಡ.

ಹಿಡಿ ಹತ್ತಿರ ಜರ್ಮನಿಯ ಸೋಲಿಂಗೆನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಅಂತ ಕೊರೆದಿದ್ದರೆ ಉಕ್ಕು ಸಾಮಾನ್ಯವಾಗಿ ಒಳ್ಳೆಯದೇ. ಆದರೆ ಹೆಸರಿಗೆ ಮರುಳಾಗಿ ಸವೆದ ಕತ್ತಿ ತರಬೇಡಿ.

ಈಗ ನನ್ನ ದಡ್ಡತನ ಹೇಳಿಬಿಡುತ್ತೇನೆ. ಇದಕ್ಕೂ ಮೊದಲು ಒಂದು ಕತ್ತಿ ಸಿಕ್ಕಿತ್ತು. ಬೀದಿಯಲ್ಲಿ ಸೈಕಲ್ ತುಳಿದು ಸಾಣೆ ಹಿಡಿಯುವವನು ಬಂದ, ಈಳಿಗೆಮಣೆ ಜೊತೆ ಅದನ್ನೂ ಕೊಟ್ಟೆ. ಕಿಡಿ ಹಾರಿತು, ಎರಡೇ ನಿಮಿಷ, ಬಾಯಿಯುದ್ದಕ್ಕೂ ನೀಲಿ ಬಣ್ಣ. ಉಕ್ಕು ನೀಲಿಗಟ್ಟಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ, ಅಲ್ಲಿಗೆ ಹದ, ಅಂದರೆ ಉಕ್ಕಿನ ಗಟ್ಟಿತನ, ಹೋಯಿತು. ಆಮೇಲೆ ಅದು ಪೋಸ್ಟಿನ ಕವರ್ ಹರಿಯೋಕೆ ಮಾತ್ರ ಬಂತು. ತಪ್ಪು ಅವನದಲ್ಲ, ಮೂವತ್ತು ವರ್ಷ ಉಕ್ಕಿನ ಜೊತೆ ಬದುಕಿದ ನನ್ನದು. ಅದಕ್ಕೇ ಹೇಳುವುದು, ಗ್ರೈಂಡರ್, ಡ್ರಿಲ್ಲಿಗೆ ಸಿಕ್ಕಿಸುವ ಚಕ್ರ, ಒಲೆ, ಯಾವುದೂ ಬೇಡ.

ತುಕ್ಕು ಕೈಯಲ್ಲೇ ತೆಗೆಯಿರಿ. ಬಾಯಿಗೆ ಎರಡು ಪದರ ಟೇಪ್ ಸುತ್ತಿ, ಕತ್ತಿಯನ್ನು ಮರದ ತುಂಡಿನ ಮೇಲೆ ಮಟ್ಟಸವಾಗಿ ಇಟ್ಟು, ಹೊಲಿಗೆ ಮಷಿನ್ ಎಣ್ಣೆ ಹಾಕಿ 600 ನಂಬರಿನ ವಾಟರ್ ಪೇಪರಿನಿಂದ (ನೀರಲ್ಲೂ ಬಳಸುವ ಉಜ್ಜುಕಾಗದ, ನಂಬರು ಹೆಚ್ಚಿದಷ್ಟು ನುಣುಪು) ಉದ್ದುದ್ದಕ್ಕೆ ಉಜ್ಜಿ, ಆಮೇಲೆ 1000, 2000. ಕೊನೆಗೆ ಲೋಹ ಹೊಳೆಸುವ ಬ್ರಾಸೊ. ಅಲಗಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಚಿತ್ರ ಇದ್ದರೆ ಆ ಜಾಗ ಮುಟ್ಟಲೇಬೇಡಿ, ಒಂದೇ ಉಜ್ಜಿಗೆ ಹೋಗುತ್ತದೆ. ಕೆಂಪು ತುಕ್ಕು ಹೋದರೆ ಸಾಕು, ಬೂದು ಕಲೆ ಇರಲಿ. ಹೊಸದರ ಹಾಗೆ ಕಾಣಬೇಕು ಅಂತ ಹಟಕ್ಕೆ ಬಿದ್ದು ಅಕ್ಷರವನ್ನೆಲ್ಲ ಅಳಿಸಿದವರನ್ನು ನೋಡಿದ್ದೇನೆ.

ಹಿಡಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಬೇಗ ಬೆಂಕಿ ಹಿಡಿಯುವ ವಸ್ತು, ಹತ್ತಿರ ದೀಪ ತರಬೇಡಿ. ಅದು ಹಳಸಿದರೆ ಆಮ್ಲದ ಆವಿ ಬಿಟ್ಟು ತನ್ನ ಅಲಗನ್ನೇ ತಿನ್ನುತ್ತದೆ, ಒಂದು ಮಗ್ಗುಲು ಮಾತ್ರ ವಿಪರೀತ ತುಕ್ಕು ಹಿಡಿದಿದ್ದರೆ ಅನುಮಾನ ಪಡಿ. ಕೊಂಬಿನ ಹಿಡಿಯಾದರೆ ಎಣ್ಣೆ ಸವರಿ ಎರಡು ದಿನ ಬಿಡಿ. ಪಿನ್ ಸಡಿಲವಾಗಿದ್ದರೆ ಕಬ್ಬಿಣದ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಜಾಸ್ತಿ ತಟ್ಟಿದರೆ ಹಿಡಿ ಸೀಳುತ್ತದೆ.

ಮಸೆಯುವುದರಲ್ಲೇ ಎಲ್ಲ ಇರುವುದು. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ, ಆಗ ಕೋನ ತಾನಾಗಿಯೇ ಬರುತ್ತದೆ. ಬಾಯಿ ಮುಂದಾಗಿ ನೂಕಿ, ತಿರುಗಿಸುವಾಗ ಬೆನ್ನ ಮೇಲೆ ಉರುಳಿಸಿ, ಬಾಯಿಯ ಮೇಲಲ್ಲ. 1000 ನಂಬರಿನ ಕಲ್ಲಿನಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಕಲ್ಲಿನ ಮೇಲಿನ ನೀರನ್ನು ಗಮನಿಸಿ. ಮೊದಮೊದಲು ನೀರು ಬಾಯಿಯ ಕೆಳಗೆ ನುಸುಳುತ್ತದೆ, ಅಂಚು ಕೂತ ಮೇಲೆ ಅಲಗಿನ ಮೇಲೆ ಹತ್ತಿ ಬರುತ್ತದೆ. ಮುಂಗೈ ಕೂದಲು ಬುಡದಲ್ಲಿ, ಬಾಯಿಯ ಉದ್ದಕ್ಕೂ ಕತ್ತರಿಸುವವರೆಗೆ ಮುಂದಿನ ಕಲ್ಲಿಗೆ ಹೋಗಬೇಡಿ. ಆಮೇಲೆ 4000, 8000, ಇದ್ದರೆ 12000. ಒತ್ತಬೇಡಿ, ಕತ್ತಿಯ ಭಾರವೇ ಸಾಕು.

ಕೊನೆಗೆ ತೊಗಲಿನ ಪಟ್ಟಿ. ಇಲ್ಲಿ ಬೆನ್ನು ಮುಂದೆ, ಇಲ್ಲದಿದ್ದರೆ ಪಟ್ಟಿಯೇ ಸೀಳುತ್ತದೆ. ನಾನು ಐವತ್ತು ಸಲ ಎಳೆದು, ನಮ್ಮ ಬೀದಿಯ ಹಳೇ ಕ್ಷೌರದಂಗಡಿಯವರಿಗೆ ತೋರಿಸಿದೆ. ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿ ಬರುವ ಮೊದಲು ಅವರೂ ಇಂಥದ್ದರಲ್ಲೇ ಕೆಲಸ ಮಾಡಿದವರು. ಹೆಬ್ಬೆರಳಿನಲ್ಲಿ ಬಾಯಿಗೆ ಅಡ್ಡಡ್ಡ ಸವರಿ, "ಸಾರ್, ತುದಿ ಇನ್ನೂ ಮೊಂಡು" ಅಂದರು. ಮತ್ತೆ 8000ಕ್ಕೆ ವಾಪಸ್.

ಮೊದಲ ಸಲ ಕೆನ್ನೆ ಮಾತ್ರ, ಗದ್ದಕ್ಕೆ ಒಂದು ತಿಂಗಳು ಬಿಟ್ಟು ಹೋಗಿ. ಮುಗಿದ ಮೇಲೆ ಒರೆಸಿ, ಒಂದು ಹೊತ್ತು ತೆರೆದಿಟ್ಟು, ಎಣ್ಣೆ ಸವರಿ ಮಡಚಿ. ಬಚ್ಚಲುಮನೆಯಲ್ಲಿ ಇಡಬೇಡಿ, ಮಳೆಗಾಲದಲ್ಲಿ ವಾರಕ್ಕೇ ತುಕ್ಕು. ನನ್ನದು ಬೀರುವಿನ ಮೇಲಿನ ಖಾನೆಯಲ್ಲಿದೆ, ಮೊಮ್ಮಗನ ಕೈಗೆ ಸಿಗದಷ್ಟು ಎತ್ತರದಲ್ಲಿ.