ಮೆಕ್ಕೆಜೋಳದಲ್ಲಿ ಬೂಷ್ಟಿನ ವಿಷ ಇದೆಯಾ? ಪಟ್ಟಿ ಹಾಕಿ ನೋಡುವ ಬಗೆ

ಈ ಬೂಷ್ಟಿನ ವಿಷದ ಹೆಸರು ಅಫ್ಲಾಟಾಕ್ಸಿನ್. ಅದನ್ನು ಪಟ್ಟಿ (ಸ್ಟ್ರಿಪ್) ಹಾಕಿ ಪರೀಕ್ಷಿಸುವುದು ಕಷ್ಟದ್ದೇನಲ್ಲ. ಆದರೂ ಮೇಲಿನ ಚೀಲದಿಂದ ಒಂದು ಹಿಡಿ ಕಾಳು ತೆಗೆದು, ಪರೀಕ್ಷೆ ಮಾಡಿ, ಏನೂ ಇಲ್ಲ ಅಂತ ದನಕ್ಕೆ ಹಾಕುವವರೇ ಜಾಸ್ತಿ.

ಮೊದಲು ಕಾಳು ತೆಗೆಯುವುದು. ಇಲ್ಲಿ ಅವಸರ ಬೇಡ. ವಿಷ ರಾಶಿಯ ತುಂಬಾ ಒಂದೇ ಸಮ ಇರುವುದಿಲ್ಲ, ಸಾವಿರ ಕಾಳಿನಲ್ಲಿ ಒಂದೆರಡು ಕೆಟ್ಟಿದ್ದರೂ ಇಡೀ ರಾಶಿ ಮಿತಿ ದಾಟಬಹುದು. ಹಾಗಾಗಿ ಮೇಲೆ, ನಡುವೆ, ತಳದಲ್ಲಿ, ಗೋಡೆಗೆ ತಾಗಿ ತೇವ ಹಿಡಿದ ಕಡೆ, ಹೀಗೆ ಹತ್ತಾರು ಜಾಗದಿಂದ ತೆಗೆದು ನಾಲ್ಕೈದು ಕಿಲೋ ಮಾಡಿಕೊಳ್ಳಿ. ಕೆಟ್ಟ ಕಾಳನ್ನೇ ಆರಿಸಬೇಡಿ, ಚೆಂದದ್ದನ್ನೂ ಆರಿಸಬೇಡಿ. ಅಷ್ಟನ್ನೂ ಸಣ್ಣ ರವೆಗಿಂತ ನುಣ್ಣಗೆ ಬೀಸಿಸಿ, ಚೆನ್ನಾಗಿ ಕಲಸಿ, ಆಮೇಲೆ ಕಿಟ್ ಹೇಳಿದಷ್ಟು ಗ್ರಾಂ ತೂಗಿ. ಮೊದಲು ಇಪ್ಪತ್ತು ಗ್ರಾಂ ಕಾಳು ತೂಗಿ ಅದನ್ನಷ್ಟೇ ಮಿಕ್ಸಿಗೆ ಹಾಕಿದರೆ ಪಟ್ಟಿಯ ದುಡ್ಡು ದಂಡ. ಮನೆಯ ಹಿಟ್ಟು ಬೀಸುವ ಗಿರಣಿಗೆ ಮಾತ್ರ ಇದನ್ನು ಒಯ್ಯಬೇಡಿ, ನಿಮ್ಮ ಹಿಂದೆ ಬಂದವರ ಹಿಟ್ಟಿಗೆ ಸೇರುತ್ತದೆ.

ಕಿಟ್ಟಿನ ದ್ರವದಲ್ಲಿ ಕುಲುಕಿ, ತಿಳಿಯಾಗಲು ಬಿಡಿ, ತಿಳಿಯನ್ನು ಹೇಳಿದಷ್ಟು ತೆಳು ಮಾಡಿ, ಪಟ್ಟಿಗೆ ಹಾಕಿ. ಮೆಥನಾಲ್ ಬೇಡುವ ಕಿಟ್ಟೂ ಇವೆ. ಮೆಥನಾಲೇ ಒಂದು ವಿಷ, ಮನೆಯಲ್ಲಿ ಯಾಕೆ? ನೀರಿನಲ್ಲೇ ಆಗುವಂಥದ್ದನ್ನೇ ಕೊಳ್ಳಿ. ನಮ್ಮಲ್ಲಿ ಧಾನ್ಯಕ್ಕೆ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಕಿಟ್ ಎಷ್ಟರಿಂದ ಹಿಡಿಯುತ್ತದೆ ಅಂತ ಡಬ್ಬಿಯ ಮೇಲೆ ನೋಡಿಯೇ ದುಡ್ಡು ಕೊಡಿ.

ಇನ್ನು ಗೆರೆ ಓದುವುದು. ಕೋವಿಡ್ ಕಿಟ್ ನೋಡಿದವರು ಇಲ್ಲಿ ಎಡವುತ್ತಾರೆ, ಯಾಕೆಂದರೆ ಇದು ಉಲ್ಟಾ. ಎರಡು ಗೆರೆ ಬಂದರೆ ವಿಷ ಕಿಟ್ ಹಿಡಿಯುವ ಮಟ್ಟಕ್ಕಿಂತ ಕಡಿಮೆ. ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಒಂದೇ ಬಂದರೆ ವಿಷ ಆ ಮಟ್ಟ ಮೀರಿದೆ. ಕಂಟ್ರೋಲ್ ಗೆರೆಯೇ ಬರದಿದ್ದರೆ ಪಟ್ಟಿ ಎಸೆದು ಇನ್ನೊಂದು ಹಾಕಿ. ಹೇಳಿದ ನಿಮಿಷಕ್ಕೇ ಓದಬೇಕು, ಊಟ ಮುಗಿಸಿ ಬಂದು ನೋಡಿದ ಗೆರೆಗೆ ಬೆಲೆಯಿಲ್ಲ.

ನೇರಳೆ (ಯುವಿ) ಟಾರ್ಚ್ ಬಿಟ್ಟು ನೋಡಿದರೆ ಸಾಲದಾ ಅಂತ ಕೇಳುತ್ತಾರೆ. ಅದಕ್ಕೆ 365 ನ್ಯಾನೋಮೀಟರಿನ ಬೆಳಕು ಬೇಕು, ಅಗ್ಗದವು ಹೆಚ್ಚಾಗಿ 395ರವು. ಸರಿಯಾದ ಬೆಳಕಲ್ಲಿ ನುಚ್ಚು ಮಾಡಿದ ಕಾಳು ಹಸಿರು ಹಳದಿ ಹೊಳೆದರೂ ಹೊಳೆಯುವುದು ಅಫ್ಲಾಟಾಕ್ಸಿನ್ ಅಲ್ಲ, ಅದೇ ಬೂಷ್ಟು ಬಿಡುವ ಕೋಜಿಕ್ ಆಮ್ಲದಿಂದ ಆದದ್ದು. ಹೊಳೆಯಲಿಲ್ಲ ಅಂದಮಾತ್ರಕ್ಕೆ ಕಾಳು ಚೊಕ್ಕ ಅಂತಲೂ ಅಲ್ಲ.

ತೊಳೆದು ಬೇಯಿಸಿದರೆ ಹೋಗುತ್ತದೆ ಅನ್ನುವವರಿಗೆ: ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಇಂಥ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ವಿಷ ಕಂಡರೆ ಒಳ್ಳೆ ಕಾಳಿನ ಜೊತೆ ಬೆರೆಸಬೇಡಿ, ಹಾಲು ಕೊಡುವ ಹಸುವಿಗೂ ಹಾಕಬೇಡಿ, ಹಾಲಿಗೂ ಇಳಿಯುತ್ತದೆ. ರಾಶಿ ಬೇರೆ ಇಟ್ಟು, ಅದೇ ಬೀಸಿದ ಹಿಟ್ಟಿನಲ್ಲಿ ಸ್ವಲ್ಪ ಪ್ರಯೋಗಾಲಯಕ್ಕೆ ಕಳಿಸಿ.