ಬೋರ್ಡ್ ಕಿತ್ತು ಹಾಕು ಅಂದರು, ನಾನು ಒಣಗಿಸಿದೆ: 1966ರ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪ್ ಜೊತೆ ನನ್ನ ಅನುಭವ

ಈಗ ವಾಲ್ಯೂಮ್ ಏಳಕ್ಕೆ ಇಟ್ಟು ಗಿಟಾರ್ ಮುಟ್ಟದೆ ಬಿಟ್ಟರೆ ಸಣ್ಣಗೆ ಸುಯ್ ಅನ್ನುತ್ತದೆ, ಅಷ್ಟೇ. ಆರು ತಿಂಗಳ ಹಿಂದೆ ಇದೇ ಆಂಪ್ ಒಣಗಿದ ಎಲೆ ತುಳಿದ ಹಾಗೆ ಚಟಪಟ ಅನ್ನುತ್ತಿತ್ತು. ನೋಡಿದವರೆಲ್ಲ ಒಳಗೆ ಭಾಗಗಳನ್ನು ಬೆಸೆದಿರುವ ಬೋರ್ಡ್ ಹೋಗಿದೆ, ಹೊಸ ಟರೆಟ್ ಬೋರ್ಡ್ (ಲೋಹದ ಗೂಟಗಳಿರುವುದು) ಕೂರಿಸು ಅಂದರು. ನಾನು ಕೂರಿಸಲಿಲ್ಲ. ಒಳಗಿರುವುದು ಅದೇ ಬೋರ್ಡ್, ನೀಲಿ ಕೆಪಾಸಿಟರ್‌ಗಳೂ ಹೆಚ್ಚುಕಮ್ಮಿ ಅವೇ.

ಆಂಪ್ ಫೆಂಡರ್ ಡಿಲಕ್ಸ್ ರಿವರ್ಬ್, ಎಬಿ763 ಅನ್ನುವ ಫೆಂಡರ್ ಸರ್ಕ್ಯೂಟ್. ಮಾರಿದವರು 1965ರದ್ದು ಅಂದಿದ್ದರು. ವಾಲ್ಯೂಮ್, ಟೋನ್ ತಿರುಗಿಸುವ ಪಾಟ್‌ಗಳ ಮೇಲೆ 137 66, ಟ್ರಾನ್ಸ್‌ಫಾರ್ಮರ್ ಮೇಲೆ 606-6, ಆಕ್ಸ್‌ಫರ್ಡ್ ಸ್ಪೀಕರ್ ಮೇಲೆ 465-6. ಮೊದಲ ಮೂರಂಕಿ ತಯಾರಕರ ಗುರುತು, ಆಮೇಲಿನದು ವರ್ಷ; ಮೂರೂ 1966 ಅಂತಲೇ ಹೇಳುತ್ತವೆ. ವರ್ಷ ಒಂದು ಹಿಂದೆಮುಂದೆ ಆದರೂ ನನಗೆ ಬೇಜಾರಿಲ್ಲ. ಟ್ರಾನ್ಸ್‌ಫಾರ್ಮರ್ ಯಾವುದೂ ಬದಲಾಗಿಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಮೊದಲ ದಿನದ ಕೆಲಸ ಹಳೆಯ ಆಂಪ್ ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವುದೇ. ಎರಡು ಪಿನ್ನಿನ ವೈರ್ ತೆಗೆದು ಅರ್ಥ್ ಇರುವ ಮೂರು ಪಿನ್ನಿನದು ಹಾಕಿದೆ. ಕೆಟ್ಟರೆ ಶಾಕ್ ಹೊಡೆಸಬಹುದಾದ, ಗ್ರೌಂಡ್ ಸ್ವಿಚ್ಚಿನ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಕತ್ತರಿಸಿ ಹಾಕಿದೆ. ಶಾರ್ಟ್ ಇದ್ದರೆ ಕರೆಂಟ್ ತಡೆಯಲು ಸೀರೀಸ್ ಬಲ್ಬ್ ಇಟ್ಟು, ಮೊದಲು ವಾಲ್ವ್ (ಸದ್ದು ದೊಡ್ಡದು ಮಾಡುವ ಗಾಜಿನ ಕೊಳವೆ) ಇಲ್ಲದೆ, ಆಮೇಲೆ ಒಂದೊಂದಾಗಿ ಹಾಕಿ ಆನ್ ಮಾಡಿದೆ. ಡಾಗ್‌ಹೌಸ್ ಅನ್ನುವ ತಗಡಿನ ಮುಚ್ಚಳದೊಳಗಿನ 16 ಮೈಕ್ರೋಫ್ಯಾರಡ್‌ನ ಐದೂ ಫಿಲ್ಟರ್ ಕೆಪಾಸಿಟರ್ ತುದಿಯಲ್ಲಿ ಬಿಳಿ ಬಿಳಿಯಾಗಿ ಕಕ್ಕಿದ್ದವು. ಐದನ್ನೂ ತೆಗೆದು 22 ಮೈಕ್ರೋಫ್ಯಾರಡ್, 500 ವೋಲ್ಟಿನವು ಹಾಕಿದೆ. ವಾಲ್ವಿನ ಕರೆಂಟ್ ಹೊಂದಿಸುವ ಬಯಾಸ್ ಭಾಗದ ಕೆಪಾಸಿಟರ್ ಕೂಡ ಹೊಸದು. ಇಂಥವನ್ನು ಹಳೆಯದೇ ಇರಲಿ ಅಂತ ಉಳಿಸುವ ಹಠ ನನಗಿಲ್ಲ. ಕರೆಂಟಿನ ವೋಲ್ಟೇಜ್ ಏರಿಳಿಸುವ ವೇರಿಯಾಕ್ 117 ವೋಲ್ಟಿಗೆ ನಿಲ್ಲಿಸಿದಾಗ ಔಟ್‌ಪುಟ್ ವಾಲ್ವ್ 6ವಿ6ರ ಪ್ಲೇಟಿನಲ್ಲಿ (ಹೈ ವೋಲ್ಟೇಜ್ ಬರುವ ಕಾಲು) ಸುಮಾರು 420 ವೋಲ್ಟ್ ಬಂತು. ಬಯಾಸ್ ತಿರುಗಿಸಿ ಒಂದೊಂದಕ್ಕೆ 20 ಮಿಲಿಆಂಪ್ ಆಸುಪಾಸು ಕೂರಿಸಿದೆ. ಪವರ್ ಕಡೆ ಅಲ್ಲಿಗೆ ಮುಗಿಯಿತು.

ಚಟಪಟ ಮಾತ್ರ ಹಾಗೇ ಇತ್ತು.

ಇಲ್ಲಿಂದ ನನ್ನ ದುಡ್ಡು ಹೋಗತೊಡಗಿತು. ಮೊದಲು ವಾಲ್ವ್ ಮೇಲೆ ಅನುಮಾನ ಬಂತು. ನಾಲ್ಕು 12ಎಎಕ್ಸ್7, ಎರಡು 12ಎಟಿ7, ಆರೂ ಹೊಸದು ತರಿಸಿದೆ. ಆಂಪಿಗೆ ಕೊಟ್ಟ ಹಣದ ಹತ್ತನೇ ಒಂದು ಭಾಗ ಅಲ್ಲೇ ಹೋಯಿತು. ಸದ್ದು ಒಂಚೂರೂ ಬದಲಾಗಲಿಲ್ಲ. ಹಳೆಯ ಆರ್‌ಸಿಎ ವಾಲ್ವ್‌ಗಳೇ ಚೆನ್ನಾಗಿದ್ದವು, ಅವನ್ನೇ ವಾಪಸ್ ಹಾಕಿದೆ. ಆಮೇಲೆ ಪ್ಲೇಟ್ ರೆಸಿಸ್ಟರ್ ನೋಡಿದೆ. 100ಕೆ ಓಮ್ ಇರಬೇಕಾದ ಎರಡು 130ಕೆ ಹತ್ತಿರ ಹೋಗಿದ್ದವು. ಬದಲಾಯಿಸಿದ ಮೇಲೆ ಸುಯ್ ಕಮ್ಮಿ ಆಯಿತು, ಚಟಪಟ ಕಮ್ಮಿ ಆಗಲಿಲ್ಲ. ವಾಲ್ಯೂಮ್ ತಿರುಗಿಸಿದರೆ ಕರಕರ. ಎಷ್ಟು ಸ್ಪ್ರೇ ಹೊಡೆದರೂ ಅಷ್ಟೇ. ಮೀಟರ್ ಹಿಡಿದರೆ ವಾಲ್ಯೂಮ್ ಪಾಟಿನ ಮೇಲೆ ಅಲ್ಲಿ ಇರಬಾರದ ಅರ್ಧ ವೋಲ್ಟ್ ಡಿಸಿ. ಡಿಸಿ ಸೋರುತ್ತಿದೆ ಅಂದರೆ ಅದನ್ನು ತಡೆಯಬೇಕಾದ ಕೆಪಾಸಿಟರ್ ಹೋಗಿದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಆ ಚಂದದ ನೀಲಿ ಕೆಪಾಸಿಟರ್‌ಗಳನ್ನು ಬಿಚ್ಚಿ ಹೊಸದು ಹಾಕಿದೆ. ಡಿಸಿ ಅಲ್ಲೇ ಇತ್ತು.

ಎರಡು ವಾರ ಆಂಪ್ ಕಡೆ ಹೋಗಲಿಲ್ಲ.

ಮತ್ತೆ ಕೂತಾಗ ಒಂದು ಕೆಪಾಸಿಟರಿನ ಕಾಲು ಮಾತ್ರ ಎತ್ತಿಟ್ಟು, ಅದಕ್ಕೆ ಬಂದ ವೈರನ್ನೂ ಬಿಡಿಸಿ, ಕಾಲು ಬೆಸೆಯುವ ಲೋಹದ ತೂತು, ಅಂದರೆ ಖಾಲಿ ಐಲೆಟ್‌ಗೆ ಮೀಟರ್ ಮುಟ್ಟಿಸಿದೆ. ಯಾವುದಕ್ಕೂ ಸಂಪರ್ಕ ಇಲ್ಲದ ಐಲೆಟ್‌ನಲ್ಲಿ ಎರಡು ವೋಲ್ಟ್! ಕಪ್ಪು ಪ್ರೋಬ್ ಚಾಸಿಗೆ (ಆಂಪಿನ ಲೋಹದ ಚೌಕಟ್ಟು) ಕಚ್ಚಿಸಿ, ಕೆಂಪನ್ನು ಬರೀ ಬೋರ್ಡಿನ ಮೇಲೆ ಒತ್ತಿದೆ. ಹೈ ವೋಲ್ಟೇಜ್ ಕಡೆ ಸುಮಾರು 30 ವೋಲ್ಟ್. ಮೊದಲ ವಾಲ್ವಿನ ಹತ್ತಿರ ನಾಲ್ಕು. ಮೋಡದ ದಿನ ಇನ್ನೂ ಜಾಸ್ತಿ.

ಆ ಕಾಲದ ಕಪ್ಪು ಫೈಬರ್ ಬೋರ್ಡ್ ಮೇಣದಲ್ಲಿ ಅದ್ದಿದ್ದು. ಅರವತ್ತು ವರ್ಷದಲ್ಲಿ ತೇವ ಹೀರಿಕೊಂಡಿದೆ. ಇದರಲ್ಲಿ ಮಾಡಿದವರ ತಪ್ಪು ಏನಿಲ್ಲ, ವಯಸ್ಸು ಅಷ್ಟೇ. 400 ವೋಲ್ಟಿನ ಐಲೆಟ್ ಪಕ್ಕದಲ್ಲೇ ವಾಲ್ವಿಗೆ ಸಿಗ್ನಲ್ ಹೋಗುವ ಗ್ರಿಡ್ಡಿನ ಐಲೆಟ್ ಇದ್ದು, ನಡುವಿನ ಬೋರ್ಡ್ ಒದ್ದೆ ಇದ್ದರೆ ಸದ್ದು ಬರದೆ ಇರುತ್ತದೆಯೇ?

ಬಲ್ಲವರು ಮೂವರನ್ನು ಕೇಳಿದೆ. ಮೂವರೂ ಬೋರ್ಡ್ ಬದಲಾಯಿಸು ಅಂದರು. ಒಣಗಿಸುತ್ತೇನೆ ಅಂದಿದ್ದಕ್ಕೆ, ವಾರದಲ್ಲಿ ಮತ್ತೆ ಬರುತ್ತದೆ ನೋಡು ಅಂದರು. ಬೋರ್ಡಿಗೆ, ಕೂಲಿಗೆ ಸೇರಿ ಕೇಳಿದ ದುಡ್ಡು ಆಂಪ್ ಬೆಲೆಯ ಮೂರನೇ ಒಂದು ಭಾಗ. ಅಷ್ಟು ಕೊಟ್ಟು 66ರ ಆಂಪನ್ನು ಅರ್ಧ ಹೊಸದು ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮೊದಲ ಸಲ ಹೀಟ್ ಗನ್ ಹಿಡಿದೆ, ಅದು ಕೆಟ್ಟಿತು. ಮೇಣ ಕರಗಿ ಪಾಟ್‌ಗಳ ಕಡೆ ಹರಿಯಿತು. ಟ್ರೆಬಲ್ ಪಾಟ್ ಒಳಗೆ ಮೇಣ ಹೋಗಿ ಗಟ್ಟಿಯಾಯಿತು. ಅದನ್ನು ಬಿಚ್ಚಿ ಸರಿ ಮಾಡಲು ಒಂದು ಭಾನುವಾರ ಪೂರ್ತಿ ಹಿಡಿಯಿತು. 30 ವೋಲ್ಟ್ ಎಂಟಕ್ಕೆ ಇಳಿದಿತ್ತು, ಮರುದಿನ ಸಂಜೆಗೆ ಮತ್ತೆ 25. ಅವರು ಹೇಳಿದ್ದೇ ಸರಿಯೇನೋ ಅನ್ನಿಸಿತು. ಆದರೆ ಇಷ್ಟು ಬೇಗ ವಾಪಸ್ ಬಂದಿದ್ದು ಗಾಳಿಯ ತೇವ ಅಲ್ಲ ಅಂತ ನನಗೆ ಹೊಳೆಯಿತು. ಬೋರ್ಡಿನ ಅಡಿಯಲ್ಲಿ ಇನ್ನೊಂದು ಬೋರ್ಡ್ ಇದೆ. ಅದು ಒದ್ದೆ ಇರುವ ತನಕ ಮೇಲಿನದನ್ನು ಎಷ್ಟು ಒಣಗಿಸಿದರೂ ಅಷ್ಟೇ.

ಎರಡನೇ ಸಲ ಸ್ಕ್ರೂ ಬಿಚ್ಚಿ, ವೈರ್‌ಗಳು ಬಿಟ್ಟಷ್ಟು ಮೇಲಿನ ಬೋರ್ಡ್ ಎತ್ತಿ, ಸಂದಿಯಲ್ಲಿ ತೆಳ್ಳನೆಯ ಮರದ ಕಡ್ಡಿ ಸಿಕ್ಕಿಸಿದೆ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಎರಡು ಗಂಟೆ ಹಿಡಿದೆ. ಆಮೇಲೆ ಮರದ ಪೆಟ್ಟಿಗೆಯೊಳಗೆ ಚಾಸಿ ಇಟ್ಟು, ಪಕ್ಕದಲ್ಲಿ 60 ವಾಟ್ ಬಲ್ಬ್ ಉರಿಸಿ, ಮೇಲೆ ಒಂದು ತೂತು ಬಿಟ್ಟು ಮುಚ್ಚಿದೆ. ಒಳಗೆ 50 ಡಿಗ್ರಿ ಇದ್ದಿರಬಹುದು, ಮೇಣ ಕರಗಲಿಲ್ಲ. ಮೂರು ಹಗಲು, ಮೂರು ರಾತ್ರಿ. ಕಡ್ಡಿಗಳನ್ನು ಯಾವ ಕ್ರಮದಲ್ಲಿ ಸರಿಸುತ್ತಾ ಹೋದೆ, ಕೊನೆಗೆ ಬೋರ್ಡಿಗೆ ಏನು ಹಚ್ಚಿದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

30 ಇದ್ದ ಜಾಗದಲ್ಲಿ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ. ಮೊದಲ ವಾಲ್ವಿನ ಹತ್ತಿರ 50 ಮಿಲಿವೋಲ್ಟ್ ಕೂಡ ಇಲ್ಲ. ಆನ್ ಮಾಡಿದೆ. ಮೌನ. ವಾಲ್ಯೂಮ್ ತಿರುಗಿಸಿದೆ, ಕರಕರ ಇಲ್ಲ. ನೀಲಿ ಕೆಪಾಸಿಟರ್‌ಗಳನ್ನು ಒಂದೊಂದಾಗಿ ಲೀಕೇಜ್ ನೋಡಿ ವಾಪಸ್ ಹಾಕಿದೆ. ಒಂದು ಮಾತ್ರ ಸೋರುತ್ತಿತ್ತು.

ಕೈ ಹಾಕಿದ್ದೇನೆ ಅಂತ ಇನ್ನೂ ಎರಡು ಬದಲಾವಣೆ ಮಾಡಿ ನೋಡಿದೆ. ವೈಬ್ರೇಟೋ ಚಾನೆಲ್ಲಿನ ಮೊದಲ 12ಎಎಕ್ಸ್7 ಜಾಗಕ್ಕೆ 5751 ಅನ್ನುವ ವಾಲ್ವ್ ಹಾಕಿದೆ. ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) ಸ್ವಲ್ಪ ಇಳಿದು ಕ್ಲೀನ್ ಸದ್ದು ತುಂಬಾ ಚಂದ ಆಯಿತು, ಅದೇ ಇದೆ. ಇಂಟೆನ್ಸಿಟಿ ಪಾಟ್ ಬಿಡಿಸಿದರೆ ಸದ್ದು ಜೋರಾಗುತ್ತದೆ, ಆದರೆ ಟ್ರೆಮೊಲೊ (ಸದ್ದು ಅಲೆಯಂತೆ ಏರಿಳಿಯುವುದು) ಹೋಗುತ್ತದೆ. ಈ ಆಂಪಿನ ಟ್ರೆಮೊಲೊ ಬಿಟ್ಟು ನನಗಿರಲು ಆಗುವುದಿಲ್ಲ. ವಾಪಸ್ ಸೇರಿಸಿದೆ.

ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಡದ ಭಾಗಗಳಿಗೆ ಹೋಗಿದೆ. ಒಣಗಿಸಿದ್ದಕ್ಕೆ ಒಂದು ಬಲ್ಬ್, ಮೂರು ದಿನದ ಕರೆಂಟ್.

ಕಳೆದ ತಿಂಗಳು ಒಂದು ವಾರ ಬಿಡದೆ ಮಳೆ. ಬೇಕೆಂದೇ ಆಗಲೇ ಅಳೆದೆ. ಮೊದಲ ವಾಲ್ವಿನ ಹತ್ತಿರ 70 ಮಿಲಿವೋಲ್ಟ್. ಆ ಮೂವರಲ್ಲಿ ಒಬ್ಬರು ಮೊನ್ನೆ ತಮ್ಮ ಪ್ರಿನ್ಸ್‌ಟನ್ ಆಂಪ್ ತಂದು ನನ್ನ ಪೆಟ್ಟಿಗೆಯಲ್ಲಿ ಇಟ್ಟು ಹೋದರು. ತಂದ ದಿನ ಅದರ ಬೋರ್ಡಿನ ಮೇಲೆ 11 ವೋಲ್ಟ್ ಇತ್ತು. ಇವತ್ತು ಬೆಳಗ್ಗೆ ತೆಗೆದು ನೋಡಿದರೆ ಎರಡು. ಇನ್ನೊಂದು ರಾತ್ರಿ ಒಳಗೇ ಇರಲಿ ಅಂತ ಮತ್ತೆ ಮುಚ್ಚಿದ್ದೇನೆ.